ಕೀಟಾಹಾರಿ ಗಿಡಕ್ಕೆ ಮನೆಯೊಳಗೆ ದೀಪ: ಆಯ್ಕೆ ಹೇಗೆ?

ಕೀಟಾಹಾರಿ ಗಿಡವನ್ನು ಮನೆಗೆ ತಂದವರು ಮೊದಲು ಚಿಂತಿಸುವುದು ನೊಣ, ಇರುವೆಗಳ ಬಗ್ಗೆ. ಗಿಡ ಸೊರಗುವುದು ಮಾತ್ರ ಹೆಚ್ಚಾಗಿ ಬೆಳಕಿಲ್ಲದೆ. ಹುಳುಗಳಿಂದ ಅದಕ್ಕೆ ಮುಖ್ಯವಾಗಿ ಸಿಗುವುದು ಸಾರಜನಕ ಮತ್ತು ರಂಜಕ. ಬೆಳೆಯಲು ಬೇಕಾದ ಶಕ್ತಿಯನ್ನು ಉಳಿದ ಹಸಿರು ಗಿಡಗಳಂತೆ ಅದೂ ಬೆಳಕಿನಿಂದಲೇ ಪಡೆಯಬೇಕು. ಬೆಳಕು ಅದಕ್ಕೆ ಅನ್ನ, ಹುಳು ಉಪ್ಪಿನಕಾಯಿ.

ಕರಾವಳಿಯ ಮುರಕಲ್ಲಿನ ಪದವುಗಳಲ್ಲಿ (ಎತ್ತರದ ಬಯಲುಗಳಲ್ಲಿ) ಮಳೆಗಾಲದ ಕೊನೆಗೆ ಡ್ರಾಸೆರಾ, ಯುಟ್ರಿಕ್ಯುಲೇರಿಯಾ ಎಂಬ ಕೀಟಾಹಾರಿಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಮರದ ನೆರಳಿಲ್ಲ, ತೆಳು ಮಣ್ಣಿನಲ್ಲಿ ಸಾರವಿಲ್ಲ. ನೀರು ಮತ್ತು ಬಿಸಿಲು ಧಾರಾಳ. 1984ರಲ್ಲಿ ಸಸ್ಯವಿಜ್ಞಾನಿ ಥಾಮಸ್ ಗಿವ್ನಿಶ್ ಮತ್ತು ಸಂಗಡಿಗರು ಮಂಡಿಸಿದ ವಾದವೂ ಇದೇ. ಹುಳು ಹಿಡಿಯುವ ಬಲೆ ಗಿಡಕ್ಕೆ ದುಬಾರಿ ಅಂಗ. ಬೆಳಕು, ನೀರು ಹೇರಳವಾಗಿದ್ದು ಪೋಷಕಾಂಶವೊಂದೇ ಕಡಿಮೆ ಇರುವ ಕಡೆ ಮಾತ್ರ ಆ ವೆಚ್ಚ ಗಿಟ್ಟುತ್ತದೆ. ಅಂಥ ಗಿಡವನ್ನು ಟಿ.ವಿ. ಪಕ್ಕದ ಮೇಜಿನ ಮೇಲೆ ಇಟ್ಟರೆ ಅದು ಬಲೆ ಕಟ್ಟುವುದನ್ನೇ ಬಿಡುತ್ತದೆ. ದೀಪ ಬೇಕಾಗುವುದು ಇದಕ್ಕಾಗಿ.

(ಪದವಿನಿಂದ ಗಿಡ ಕಿತ್ತು ತರಬೇಡಿ. ಬೀಜದಿಂದ ಅಥವಾ ಎಲೆಯ ತುಂಡಿನಿಂದ ಬೆಳೆಸಿ ಮಾರುವವರು ಈಗ ನಮ್ಮಲ್ಲೇ ಇದ್ದಾರೆ.)

ಗಿಡ ಮೊದಲು, ದೀಪ ಆಮೇಲೆ

ದೀಪದಡಿ ಬೆಳೆಸಲು ಎಲ್ಲ ಕೀಟಾಹಾರಿಗಳೂ ಒಂದೇ ಸಮನಲ್ಲ. ಹೊಸಬರಿಗೆ ನನ್ನ ಸಲಹೆ ದಕ್ಷಿಣ ಆಫ್ರಿಕಾ ಮೂಲದ ಡ್ರಾಸೆರಾ ಕ್ಯಾಪೆನ್ಸಿಸ್. ಅದಕ್ಕೆ ಚಳಿಗಾಲದ ನಿದ್ದೆ ಬೇಕಿಲ್ಲ, ವರ್ಷವಿಡೀ ಒಂದೇ ವೇಳಾಪಟ್ಟಿಯಲ್ಲಿ ಬೆಳೆಯುತ್ತದೆ. ಎಲೆಯ ಮೇಲೆ ಸುಮಾರು 8,000ದಿಂದ 12,000 ಲಕ್ಸ್ (ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕು ಬಿದ್ದರೆ ಚೆನ್ನಾಗಿರುತ್ತದೆ. ಅಂಟು ಎಲೆಗಳಿಂದ ಹುಳು ಹಿಡಿಯುವ ಮೆಕ್ಸಿಕೊದ ಪಿಂಗ್ವಿಕ್ಯುಲಾಗಳು ಇನ್ನೂ ಕಡಿಮೆಯಲ್ಲಿ, 5,000ದ ಮೇಲೆ ಸಿಕ್ಕರೂ, ಹೊಂದಿಕೊಳ್ಳುತ್ತವೆ.

ಎಲ್ಲರಿಗೂ ಬೇಕಾದ ವೀನಸ್ ಫ್ಲೈಟ್ರ್ಯಾಪ್ ಇದಕ್ಕೆ ವಿರುದ್ಧ. ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಆ ಗಿಡಕ್ಕೆ ಕನಿಷ್ಠ 15,000 ಲಕ್ಸ್ ಕೊಡಬೇಕು. ಮೇಲಾಗಿ ವರ್ಷಕ್ಕೆ ಮೂರು ತಿಂಗಳಾದರೂ ಚಳಿಯಲ್ಲಿ ವಿಶ್ರಾಂತಿ ಸಿಗಬೇಕು. ಬೆಂಗಳೂರಿನ ಡಿಸೆಂಬರ್ ತಂಪು ಇದಕ್ಕೆ ಅರೆಬರೆಯಾಗಿ ಒದಗುತ್ತದೆ, ಮಂಗಳೂರಿನ ಸೆಕೆಯಲ್ಲಿ ಅದೂ ಇಲ್ಲ. ಬಿಸಿಲು ಬೀಳುವ ತಾರಸಿಯೋ ಬಾಲ್ಕನಿಯೋ ಇದ್ದವರು ಇದನ್ನು ಹೊರಗೇ ಬೆಳೆಸುವುದು ಒಳ್ಳೆಯದು. ನೆಪೆಂಥಿಸ್ ಎಂಬ ಹೂಜಿ ಗಿಡಗಳಿಗೂ ದೀಪ ಕಟ್ಟಿದ ಕಪಾಟು ಸಾಲದು. ಭಾರತದ ಏಕೈಕ ನೆಪೆಂಥಿಸ್ ಆದ ಮೇಘಾಲಯದ ಖಾಸಿಯಾನಾ ಬಳ್ಳಿಯಾಗಿ ಉದ್ದಕ್ಕೆ ಹಬ್ಬುತ್ತದೆ. ಅದಕ್ಕೆ ಸೋಸಿದ ಬಿಸಿಲಿನ ಬಾಲ್ಕನಿಯೇ ಸರಿ.

ಇರುವ ಬೆಳಕನ್ನು ಅಳೆಯಿರಿ

ನಮ್ಮ ಕಣ್ಣು ಇಲ್ಲಿ ನಂಬಿಕೆಗೆ ಅರ್ಹವಲ್ಲ. ನಡುಹಗಲಿನ ಬಯಲಿನಲ್ಲಿ ಲಕ್ಷ ಲಕ್ಸ್‌ನಷ್ಟು ಬೆಳಕಿದ್ದರೆ, ಬೆಳಕು ಚೆನ್ನಾಗಿದೆ ಎನಿಸುವ ಕೋಣೆಯ ಮಧ್ಯದಲ್ಲಿ ಕೆಲವು ನೂರು ಇರುತ್ತದೆ, ಅಷ್ಟೆ. ಲಕ್ಸ್ ಮಾಪಕ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಮೊಬೈಲ್ ಆ್ಯಪ್ ಆದೀತು. ಅದರ ಅಂಕಿ ನಿಖರವಲ್ಲದಿದ್ದರೂ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ಅಂತರ ತಿಳಿಯುತ್ತದೆ. ಅಳೆಯುವಾಗ ಮಾಪಕವನ್ನು ಎಲೆ ಇರುವ ಮಟ್ಟದಲ್ಲೇ, ದೀಪದ ಕಡೆಗೆ ಮುಖ ಮಾಡಿ ಹಿಡಿಯಿರಿ. ಕುಂಡಗಳನ್ನಿಟ್ಟ ತಟ್ಟೆಯ ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ನೋಡಿ. ಮೂಲೆಗಳಲ್ಲಿ ಬೆಳಕು ಅರ್ಧಕ್ಕೆ ಇಳಿದಿದ್ದರೆ ಅಚ್ಚರಿಪಡಬೇಕಿಲ್ಲ. ಪಿಂಗ್ವಿಕ್ಯುಲಾಗಳನ್ನು ಅಲ್ಲಿಗೆ ಸರಿಸಿ.

ಡಬ್ಬಿಯ ಮೇಲೆ ಏನು ಓದಬೇಕು?

ಗಿಡಗಳಿಗೆಂದೇ ಮಾರುವ ನೇರಳೆ ಬಣ್ಣದ ದೀಪಗಳಿಗೆ ಹಣ ಸುರಿಯಬೇಡಿ. ಕೆಂಪು, ನೀಲಿ ಎಲ್‌ಇಡಿಗಳ ಆ ಬೆಳಕಿನಲ್ಲಿ ಗಿಡ ಬೆಳೆಯುವುದು ನಿಜ. ಆದರೆ ಎಲೆಯ ಬಣ್ಣ ನಮಗೆ ಕಾಣುವುದಿಲ್ಲ, ಗಿಡ ಹೇಗಿದೆ ಎಂದು ತಿಳಿಯಲು ಬಣ್ಣವೇ ನಮಗಿರುವ ದೊಡ್ಡ ಆಧಾರ. ಲಕ್ಸ್ ಮಾಪಕವೂ ಅದರಡಿ ತಪ್ಪು ಅಂಕಿ ತೋರಿಸುತ್ತದೆ, ಏಕೆಂದರೆ ಲಕ್ಸ್ ಎನ್ನುವುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ಗಿಡಕ್ಕೆ ಬೇಕಾದ ನೀಲಿಯೂ ಇದೆ, ಕೆಂಪೂ ಇದೆ.

ಆದ್ದರಿಂದ ವಿದ್ಯುತ್ ಅಂಗಡಿಯಲ್ಲಿ ಸಿಗುವ ನಾಲ್ಕು ಅಡಿಯ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು. ಬಣ್ಣದ ತಾಪಮಾನ 5,000ದಿಂದ 6,500 ಕೆಲ್ವಿನ್ ಇರಲಿ; ಅಂಗಡಿಯವರು 'ಕೂಲ್ ಡೇಲೈಟ್' ಎಂದು ಕೊಡುವುದು ಸಾಮಾನ್ಯವಾಗಿ 6,500ರದ್ದು. ನಿಜವಾಗಿ ನೋಡಬೇಕಾದ ಅಂಕಿ ಲುಮೆನ್, ಅಂದರೆ ದೀಪದಿಂದ ಹೊರಡುವ ಒಟ್ಟು ಬೆಳಕು. 20 ವ್ಯಾಟ್‌ಗೆ 2,000 ಲುಮೆನ್ ಇದ್ದರೆ ತೃಪ್ತಿಕರ. '1,000 ವ್ಯಾಟ್' ಎಂದು ದಪ್ಪ ಅಕ್ಷರದಲ್ಲಿ ಬರೆದ ದೀಪವೊಂದು ಅಗ್ಗಕ್ಕೆ ಸಿಕ್ಕರೆ, ಅದು ನಿಜಕ್ಕೂ ಎಳೆಯುವ ವಿದ್ಯುತ್ತು ಎಷ್ಟೆಂದು ಸಣ್ಣ ಅಕ್ಷರಗಳಲ್ಲಿ ಹುಡುಕಿ. ಬಹಳಷ್ಟು ಸಲ ಅದು ಹತ್ತನೇ ಒಂದು ಭಾಗವೂ ಇರುವುದಿಲ್ಲ.

ಎಷ್ಟು ಟ್ಯೂಬ್ ಬೇಕು?

ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಕಪಾಟಿನ ಹಲಗೆಯೊಂದನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 0.37 ಚದರ ಮೀಟರ್. ಎರಡು ಟ್ಯೂಬ್‌ಗಳಿಂದ 4,000 ಲುಮೆನ್ ಹೊರಡುತ್ತದೆ. ಬದಿಗಳಿಗೆ ಬಿಳಿ ಹಾಳೆ ಅಥವಾ ಥರ್ಮೊಕೋಲ್ ಕಟ್ಟಿದರೆ ಅದರಲ್ಲಿ ಮೂರನೇ ಎರಡು ಭಾಗ ಗಿಡಗಳ ಮೇಲೆ ಬೀಳುತ್ತದೆ ಎಂದುಕೊಳ್ಳಿ: ಸುಮಾರು 2,670 ಲುಮೆನ್. ಅದನ್ನು 0.37ರಿಂದ ಭಾಗಿಸಿದರೆ 7,000 ಲಕ್ಸ್‌ಗೆ ತುಸು ಮೇಲೆ. ಪಿಂಗ್ವಿಕ್ಯುಲಾಗಳಿಗೆ ಇದು ಸಾಕು, ಕ್ಯಾಪೆನ್ಸಿಸ್‌ಗೆ ಕೊಂಚ ಕಡಿಮೆ. ಮೂರನೆಯ ಟ್ಯೂಬ್ ಸೇರಿಸಿದರೆ 10,000 ದಾಟುತ್ತದೆ. ಫ್ಲೈಟ್ರ್ಯಾಪ್‌ಗೆ ನಾಲ್ಕು ಹಾಕಿದರೂ 14,000ದ ಆಸುಪಾಸಿನಲ್ಲೇ ನಿಲ್ಲುತ್ತೀರಿ. ಅದನ್ನು ಹೊರಗೆ ಬೆಳೆಸಿ ಎಂದದ್ದಕ್ಕೆ ಇದೂ ಒಂದು ಕಾರಣ.

ತೂಗುಹಾಕುವುದು, ಹೊತ್ತು ಗೊತ್ತು ಮಾಡುವುದು

ಟ್ಯೂಬ್‌ಗಳನ್ನು ಎಲೆಗಳಿಂದ 15ರಿಂದ 25 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿ. ಸರಪಳಿಯಿಂದ ತೂಗುಹಾಕಿದರೆ ಮುಂದೆ ಏರಿಸಿ ಇಳಿಸಲು ಸುಲಭ. ದಿನಕ್ಕೆ 14 ಗಂಟೆ ಉರಿಯಲಿ, ಉಳಿದ ಹೊತ್ತು ಪೂರ್ತಿ ಕತ್ತಲಿರಲಿ. ಟೈಮರ್ ಕೊಳ್ಳುವಾಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ. ಹಲ್ಲುಚಕ್ರದ ಟೈಮರ್ ವಿದ್ಯುತ್ ಹೋದಾಗ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಗಿಡದ ಬೆಳಗೂ ಎರಡು ಗಂಟೆ ಮುಂದಕ್ಕೆ ಹೋಗುತ್ತದೆ.

ಈ ಗಿಡಗಳ ತಟ್ಟೆಯಲ್ಲಿ ಸದಾ ನೀರಿರುತ್ತದೆ (ಮಳೆನೀರು, ಭಟ್ಟಿ ಇಳಿಸಿದ ನೀರು ಅಥವಾ ಆರ್‌ಒ ಶುದ್ಧ ನೀರು; ಕೊಳವೆಬಾವಿಯದು ಬೇಡವೇ ಬೇಡ). ಹಾಗಾಗಿ ಎಕ್ಸ್‌ಟೆನ್ಷನ್ ಬೋರ್ಡನ್ನು ತಟ್ಟೆಗಿಂತ ಮೇಲೆ ಗೋಡೆಗೆ ಬಿಗಿಯಿರಿ. ವೈರು ಬೋರ್ಡಿಗಿಂತ ಕೆಳಗೆ ಜೋತು, ಮತ್ತೆ ಮೇಲೇರಿ ಬೋರ್ಡನ್ನು ಸೇರಲಿ. ವೈರಿನಗುಂಟ ಇಳಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಹೋಗುವುದಿಲ್ಲ.

ಎಲೆಯನ್ನು ಓದಿ

ಮೂರು ನಾಲ್ಕು ವಾರ ಕಳೆದ ಮೇಲೆ ಹೊಸದಾಗಿ ಬಿಚ್ಚಿಕೊಂಡ ಎಲೆಯನ್ನಷ್ಟೇ ನೋಡಿ. ಕ್ಯಾಪೆನ್ಸಿಸ್‌ನ ಎಲೆಯನ್ನು ಬದಿಯಿಂದ ನೋಡಿದರೆ ಕೂದಲಿನಂಥ ಗ್ರಂಥಿಗಳು ಕಾಣುತ್ತವೆ. ಬೆಳಕು ಸಾಕಾಗಿದ್ದರೆ ಅವುಗಳ ತುದಿ ಕೆಂಪಾಗಿ, ಒಂದೊಂದರ ಮೇಲೂ ಅಂಟಿನ ಹನಿ ನಿಂತಿರುತ್ತದೆ. ಎಲೆ ಪೇಲವ ಹಸಿರಾಗಿ, ಉದ್ದಕ್ಕೆ ಜೋತು, ಹನಿ ವಿರಳವಾಗಿದ್ದರೆ ಬೆಳಕು ಸಾಲದು. ದೀಪವನ್ನು ಐದು ಸೆಂಟಿಮೀಟರ್ ಇಳಿಸಿ. ಬಣ್ಣ ಕೆಂಪಾಗಿದ್ದೂ ಹನಿ ಇಲ್ಲದಿದ್ದರೆ ದೀಪವನ್ನು ದೂರಬೇಡಿ, ಗಾಳಿ ಒಣಗಿರಬಹುದು ಅಥವಾ ಗಿಡ ಜಾಗ ಬದಲಿಸಿದ ಆಘಾತದಲ್ಲಿರಬಹುದು. ಹೊಸ ಎಲೆಗಳು ಗಿಡ್ಡವಾಗಿ, ತುದಿ ಸುಟ್ಟು ಬರುತ್ತಿದ್ದರೆ ಬೆಳಕು ಅತಿಯಾಗಿದೆ. ಬಿಳಿ ಹೂವಿನ ಆಲ್ಬಾ ತಳಿ ಮಾತ್ರ ಎಷ್ಟು ಬೆಳಕು ಕೊಟ್ಟರೂ ಕೆಂಪೇರುವುದಿಲ್ಲ, ಅದರಲ್ಲಿ ಹನಿಗಳನ್ನಷ್ಟೇ ನೋಡಬೇಕು.

ಕರೆಂಟ್ ಬಿಲ್

20 ವ್ಯಾಟ್‌ನ ಮೂರು ಟ್ಯೂಬ್‌ಗಳು ದಿನಕ್ಕೆ 14 ಗಂಟೆ ಉರಿದರೆ ತಿಂಗಳಿಗೆ ಸುಮಾರು 25 ಯೂನಿಟ್ ಆಗುತ್ತದೆ. ಗೃಹಜ್ಯೋತಿ ಸೌಲಭ್ಯ ಪಡೆಯುತ್ತಿರುವವರು ತಮಗೆ ನಿಗದಿಯಾದ ಯೂನಿಟ್ ಎಷ್ಟೆಂದು ಹಳೆಯ ಬಿಲ್ ತೆಗೆದು ನೋಡಲಿ. ಒಟ್ಟು ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಆ ಅಂಚಿನಲ್ಲಿರುವ ಮನೆಯವರು ಕಿಟಕಿಯ ಬದಿಯಲ್ಲಿ ಹಲಗೆ ಹಾಕಿ, ಬೆಳಗಿನ ಬಿಸಿಲು ಬೀಳುವ ಹೊತ್ತು ದೀಪ ಆರಿಸಿ, ಉಳಿದ ಗಂಟೆಗಳಿಗಷ್ಟೇ ಟೈಮರ್ ಹೊಂದಿಸಿದರೆ ಬಳಕೆ ಅಷ್ಟರಮಟ್ಟಿಗೆ ತಗ್ಗುತ್ತದೆ.