ಅಣ್ಣನ ಕೊನೆಯ ಹಾಡನ್ನು ಕ್ಯಾಸೆಟ್ಟಿನಿಂದ ಎತ್ತಿದ್ದು

ಹಳೇ ಟೇಪಿನಿಂದ ಹಾಡು ಎತ್ತೋಕೆ ಆಗಲ್ಲ ಅಂದವರೇ ಜಾಸ್ತಿ. ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

1996ರ ಕ್ಯಾಸೆಟ್. ಧಾರವಾಡದ ಮನೆಯಲ್ಲಿ ಒಂದು ಸಂಜೆ ಅಣ್ಣ ಹಾರ್ಮೋನಿಯಂ ಹಿಡಿದು ಹಾಡಿದ್ದು. ಪಲ್ಲವಿ ಇದೆ, ಒಂದು ಚರಣ ಇದೆ. ಎರಡನೇ ಚರಣಕ್ಕೆ ಮಾತು ಸಿಕ್ಕಿರಲಿಲ್ಲ, ಬರೀ ಗುನುಗಿದ್ದಾನೆ. ಮರುವರ್ಷ ಅವನು ಹೋದ. ಆಮೇಲೆ ಅಕ್ಕನೂ ಹೋದಳು.

ಒಂದು ಸ್ಟುಡಿಯೋದವರು 25 ಸಾವಿರ ಕೇಳಿದರು, ಗ್ಯಾರಂಟಿ ಇಲ್ಲ ಅಂದರು. ಕ್ಯಾಸೆಟ್ ನುಡಿಸುವ ಹಳೇ ಡೆಕ್ ಒಂದಕ್ಕೆ ಸುಮಾರು ಆರೂವರೆ ಸಾವಿರ ಸುರಿದೆ. ಮೊದಲ ದಿನವೇ ಟೇಪ್ ಸುತ್ತಿಕೊಂಡಿತು. ಪುಣ್ಯಕ್ಕೆ ಅದು ಬೇರೆ ಕ್ಯಾಸೆಟ್! ಕೊನೆಗೆ ಮನೆಯ ಡೆಕ್ಕಿಗೇ ಹೊಸ ಬೆಲ್ಟ್ ಹಾಕಿಸಿ, ಟೇಪನ್ನು ಓದುವ ಹೆಡ್ಡಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದೆ. ದನಿ ತೆರೆದುಕೊಂಡಿತು. ಖರ್ಚು 1,800 ಇರಬೇಕು.

ಆದರೆ ಶ್ರುತಿ ಮೇಲಿತ್ತು. ಅಣ್ಣನ ಶ್ರುತಿ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆ. ಇಲ್ಲಿ ಅದರ ಮುಂದಿನ ಮನೆ ಬಿಳಿ ಎರಡರ ಹತ್ತಿರ ಕೇಳುತ್ತಿತ್ತು, ಅವನ ದನಿಯೇ ಅಲ್ಲ ಅನ್ನೋ ಹಾಗೆ. ಕರೆಂಟಿನ ಗುಂಯ್ ಸದ್ದು ಸೆಕೆಂಡಿಗೆ 50 ಕಂಪನ ಇರಬೇಕು, ಟೇಪಿನಲ್ಲಿದ್ದದ್ದು 51ರಷ್ಟು ತೋರಿಸಿತು. ವೇಗ ತಗ್ಗಿಸಿ ಅದನ್ನು 50ಕ್ಕೆ ಇಳಿಸಿದೆ. ಆದರೂ ಅರ್ಧ ಮನೆಯಷ್ಟು ಮೇಲೆ! ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ಆಗಿನ ಕಾಲಕ್ಕೆ ನಮ್ಮ ಕರೆಂಟಿನ ಗ್ರಿಡ್ 50ರಲ್ಲಿ ಎಲ್ಲಿ ನಿಲ್ಲುತ್ತಿತ್ತು? ಸಂಜೆ ಲೋಡ್ ಬಿದ್ದರೆ 48ರ ಆಸುಪಾಸಿಗೂ ಇಳಿಯುತ್ತಿತ್ತು, ಅಲ್ವಾ? ಅಂದಮೇಲೆ ಗುಂಯ್ ಸದ್ದನ್ನು 50ಕ್ಕೆ ಇಳಿಸಿದರೆ ಸಾಲದು.

ಅವನು ನುಡಿಸಿದ ಹಾರ್ಮೋನಿಯಂ ಅಟ್ಟದ ಮೇಲೇ ಇತ್ತು. ಇಳಿಸಿ, ಧೂಳು ಒರೆಸಿ, ಷಡ್ಜ ಒತ್ತಿ ಹಿಡಿದು ಟೇಪಿನ ವೇಗ ತಗ್ಗಿಸುತ್ತಾ ಅದಕ್ಕೆ ಕೂಡಿಸಿದೆ. ಕೂಡಿತು. ಅಣ್ಣನೇ ಪಕ್ಕಕ್ಕೆ ಬಂದು ಕೂತ ಹಾಗಾಯಿತು.

ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್‌ನವರು 1995ರಲ್ಲಿ ಕೈಬಿಟ್ಟ, ತೀರಿಹೋದ ತಮ್ಮ ಗಾಯಕ ಲೆನನ್‌ನ ಕ್ಯಾಸೆಟ್ಟಿನ ಹಾಡನ್ನು 2023ರಲ್ಲಿ ಮುಗಿಸಿದರಲ್ಲ, ಹಾಗೆ ದನಿ ಬೇರ್ಪಡಿಸುವ ಸಾಫ್ಟ್‌ವೇರನ್ನೂ ಸುಮ್ನೆ ಹಾಕಿ ನೋಡಿದೆ. ಅಣ್ಣನ ದನಿ ಚೊಕ್ಕವಾಗಿ ಬಂತು. ಆದರೆ ಚರಣದ ನಡುವೆ ಅಡುಗೆಮನೆಯಿಂದ ಅಕ್ಕ ಕೂಗಿದ್ದು, "ಅಣ್ಣಾ, ಚಹಾ ಆರಾಕತ್ತೈತಿ", ಅದನ್ನು ಕಸ ಅಂತ ಅಳಿಸಿಬಿಟ್ಟಿತ್ತು. ಆ ಫೈಲನ್ನೇ ಬಿಸಾಕಿದೆ.

ಎರಡನೇ ಚರಣಕ್ಕೆ ಮಾತು ಬರೆಸಿ ಅಂದರು. ಬರೆಸಲಿಲ್ಲ. ಗುನುಗಿಗೆ ಅದೇ ಹಾರ್ಮೋನಿಯಂ ನಾನೇ ನುಡಿಸಿ ಸೇರಿಸಿದೆ. ನಡುವೆ ದನಿ ಕುಲುಕುತ್ತಿದ್ದ ಜಾಗವನ್ನು ಸರಿ ಮಾಡಿದ ಬಗೆ ಮಾತ್ರ ಹೇಳಲ್ಲ, ಅದು ನನ್ನ ಹತ್ತಿರವೇ ಇರಲಿ.

ಬಿ ಸೈಡಿನಲ್ಲಿ ಇನ್ನೂ ಹನ್ನೆರಡು ನಿಮಿಷ ಇದೆ. ಮಳೆಗಾಲ ಮುಗಿಯಲಿ, ತೇವ ಇಳಿಯಲಿ. ಆಮೇಲೆ ಕೈ ಹಾಕುತ್ತೇನೆ.