ಹೊರಗೆ ಹೋದಾಗ ಮಗುವಿನ ಡೈಪರ್ ಬದಲಿಸುವವರಿಗೆ

ಪುಟ್ಟ ಮಗು ಇರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹೊರಗೆ ಡೈಪರ್ ಬದಲಿಸಲು ಸಂಕೋಚ ಬೇಡ. ಮನೆಗೆ ಹೋಗಿ ನೋಡೋಣ ಅಂತ ತುಂಬಾ ಹೊತ್ತು ಬಿಟ್ಟರೆ ಚರ್ಮ ಕೆಂಪಾಗಿ ಉರಿಯುತ್ತದೆ. ಪಾಪ, ಮಗುವಿಗೆ ಹೇಳಲೂ ಬರುವುದಿಲ್ಲ.

ಆದರೆ ಜಾಗ ನೋಡಿಕೊಳ್ಳಿ. ಊಟದ ಟೇಬಲ್ ಮೇಲಾಗಲಿ, ಜನ ತಿನ್ನುತ್ತಿರುವ ಕಡೆಯಾಗಲಿ ಖಂಡಿತ ಬೇಡ. ವಾಸನೆ ಒಂದೇ ಅಲ್ಲ, ಮಲದ ರೋಗಾಣು ಸುಮ್ನೆ ಒರೆಸಿದರೆ ಪೂರ್ತಿ ಹೋಗುವುದಿಲ್ಲ. ಡೈಪರ್ ಬದಲಿಸುವ ಕೋಣೆ ಇದೆಯಾ ಅಂತ ಅಲ್ಲಿನವರನ್ನು ಕೇಳಿ. ಎಷ್ಟೋ ಕಡೆ ಅದು ಹೆಂಗಸರ ಶೌಚಾಲಯದಲ್ಲಿ ಮಾತ್ರ ಇರುತ್ತದೆ. ಅಪ್ಪಂದಿರಿಗೆ ಇದು ನಿಜವಾಗಲೂ ಕಷ್ಟ. ಆಗ ನಿಲ್ಲಿಸಿದ ಕಾರಿನ ಸೀಟು ಅಥವಾ ಜನರಿಲ್ಲದ ಮೂಲೆ ಸಾಕು. ಕೆಳಗೆ ಶೀಟ್ ಹಾಸಿ, ಪಕ್ಕದಲ್ಲಿ ಒಂದು ಬಟ್ಟೆ ಮರೆ ಹಿಡಿಯಿರಿ. ಮಗುವಿಗೂ ಮರ್ಯಾದೆ ಇದೆ ಅಲ್ವಾ?

ಎತ್ತರದ ಮೇಲೆ ಮಲಗಿಸಿದರೆ ಒಂದು ಕೈ ಮಗುವಿನ ಮೇಲೇ ಇರಲಿ. ಬೆಲ್ಟ್ ಇದ್ದರೂ ಅಷ್ಟೇ. ಹೊಸ ಡೈಪರ್, ವೈಪ್ಸ್, ಖಾಲಿ ಕವರ್ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಬಳಸಿದ ಡೈಪರನ್ನು ಸುತ್ತಿ, ಅದರ ಅಂಟಿನಿಂದಲೇ ಬಿಗಿದು, ಕವರಿನಲ್ಲಿ ಗಂಟು ಕಟ್ಟಿ ಕಸದ ಡಬ್ಬಿಗೆ ಹಾಕಿ. ಕಮೋಡಿಗೆ ಮಾತ್ರ ಬೇಡ, ನೀರು ಕುಡಿದು ಉಬ್ಬಿ ಪೈಪ್ ಕಟ್ಟಿಕೊಳ್ಳುತ್ತದೆ. ವೈಪ್ಸ್ ಕೂಡ ಹಾಗೇ. ಡಬ್ಬಿ ಇಲ್ಲದಿದ್ದರೆ ಮನೆಗೇ ತನ್ನಿ. ಮಗು ಮಲಗಿದ್ದ ಜಾಗ ಒರೆಸಿ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ. ಕೈಗೆ ಕೊಳೆ ಅಂಟಿದ್ದರೆ ಸ್ಯಾನಿಟೈಸರ್ ಸಾಲದು.