ಖಾಸಗಿ ಶಾಲೆಯಿಂದ ವಜಾಗೊಂಡ ಶಿಕ್ಷಕರಿಗೆ: ಮೇಲ್ಮನವಿ ಮತ್ತು ಸೇವಾ ಕಡತ

ಕರ್ನಾಟಕದ ಖಾಸಗಿ ಶಾಲೆಯಿಂದ ವಜಾಗೊಂಡ ಶಿಕ್ಷಕರಿಗೆ ಎದುರಾಗುವ ತೊಂದರೆ ಎರಡು ಬಗೆಯದು. ಒಂದು, ಕೈತಪ್ಪಿದ ಕೆಲಸ. ಇನ್ನೊಂದು, ಸೇವಾ ಕಡತದಲ್ಲಿ ಉಳಿದು ಮುಂದಿನ ನೇಮಕಾತಿಗೂ ಅಡ್ಡಬರುವ ಮೆಮೊ ಮತ್ತು ಪ್ರತಿಕೂಲ ಷರಾಗಳು. ಎರಡನ್ನೂ ಒಟ್ಟಿಗೇ ಪ್ರಶ್ನಿಸಬೇಕು.

ಮೊದಲು ನೋಡಬೇಕಾದದ್ದು ದಿನಾಂಕ. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ 92ನೇ ಸೆಕ್ಷನ್ ಪ್ರಕಾರ, ಆರೋಪಗಳನ್ನು ತಿಳಿಸಿ, ವಿಚಾರಣೆ ನಡೆಸಿ, ಸಮರ್ಥಿಸಿಕೊಳ್ಳಲು ಸೂಕ್ತ ಅವಕಾಶ ಕೊಡದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ. ಅದನ್ನು ಮೀರಿ ಆದೇಶ ಹೊರಟಿದ್ದರೆ, ಆದೇಶ ತಲುಪಿದ ದಿನದಿಂದ 3 ತಿಂಗಳೊಳಗೆ 94ನೇ ಸೆಕ್ಷನ್ ಅಡಿಯಲ್ಲಿ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಜಿಲ್ಲಾ ನ್ಯಾಯಾಧೀಶರ ನ್ಯಾಯಾಲಯವೇ ಈ ಮಂಡಳಿಯಾಗಿ ಕೆಲಸ ಮಾಡುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅಥವಾ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ ಮನವಿ ಕೊಟ್ಟು ಉತ್ತರಕ್ಕಾಗಿ ಕಾಯುತ್ತಾ ಕೂತರೆ ಈ ಗಡುವು ನಿಲ್ಲುವುದಿಲ್ಲ. ಎಷ್ಟೋ ಒಳ್ಳೆಯ ಪ್ರಕರಣಗಳು ಕೈಬಿಟ್ಟುಹೋಗುವುದು ಇಲ್ಲಿಯೇ.

‘ನಾಳೆಯಿಂದ ಬರಬೇಡಿ’ ಎಂದು ಬಾಯಿಮಾತಿನಲ್ಲೇ ಕಳುಹಿಸಿದ್ದರೆ, ಅದೇ ದಿನ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ ಪತ್ರ ಬರೆದು, ತಾವು ಕೆಲಸಕ್ಕೆ ಸಿದ್ಧರಿರುವುದನ್ನೂ ಲಿಖಿತ ಆದೇಶ ಬೇಕೆಂಬುದನ್ನೂ ದಾಖಲಿಸಬೇಕು. ರಾಜೀನಾಮೆ ಬರೆದುಕೊಡಿ ಎಂದು ಒತ್ತಾಯಿಸಿದರೆ ಬರೆದುಕೊಡಬೇಡಿ, ಏಕೆಂದರೆ ಒಮ್ಮೆ ಸಹಿ ಹಾಕಿದ ಮೇಲೆ ಅದು ಬಲವಂತದ್ದೆಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ.

ಯಾವ ಬಾಗಿಲು ತಟ್ಟಬೇಕೆಂಬುದರಲ್ಲೂ ಎಚ್ಚರ ಬೇಕು. ಶಿಕ್ಷಕರು ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಹೇಳಿರುವುದರಿಂದ ಕಾರ್ಮಿಕ ನ್ಯಾಯಾಲಯದ ದಾರಿ ಇಲ್ಲ. ಸಿವಿಲ್ ದಾವೆಯಲ್ಲಿ ಸಾಮಾನ್ಯವಾಗಿ ಪರಿಹಾರದ ಹಣ ಸಿಗಬಹುದೇ ಹೊರತು ಮರುನೇಮಕ ಸಿಗುವುದು ಕಷ್ಟ. ಖಾಸಗಿ ಶಾಲೆಯ ಸೇವಾ ವಿವಾದಕ್ಕೆ ರಿಟ್ ಅರ್ಜಿಯ (ನೇರವಾಗಿ ಹೈಕೋರ್ಟ್‌ಗೆ ಸಲ್ಲಿಸುವ ಅರ್ಜಿಯ) ಅವಕಾಶವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿ ಪ್ರಕರಣದಲ್ಲಿ ಬಹಳ ಕಿರಿದುಗೊಳಿಸಿದೆ. ಶಾಲೆ ಸಿಬಿಎಸ್‌ಇ ಅಥವಾ ಐಸಿಎಸ್‌ಇ ಮಂಡಳಿಗೆ ಸೇರಿದ್ದರೆ, ಕರ್ನಾಟಕ ಶಿಕ್ಷಣ ಕಾಯ್ದೆಯ 1ನೇ ಸೆಕ್ಷನ್‌ನಲ್ಲಿರುವ ವಿನಾಯಿತಿಯಿಂದ, ಆ ಕಾಯ್ದೆ ನಿಮ್ಮ ಶಾಲೆಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಸೇವಾ ಪ್ರಕರಣಗಳನ್ನು ನಡೆಸುವ ವಕೀಲರನ್ನು ಮೊದಲ ವಾರದಲ್ಲೇ ಕಾಣಿರಿ.

ಮೇಲ್ಮನವಿಯಲ್ಲಿ ಮರುನೇಮಕದ ಜೊತೆಗೆ ಹಿಂಬಾಕಿ ವೇತನವನ್ನೂ ಕೇಳಬೇಕು. ಶಿಕ್ಷಕಿಯೊಬ್ಬರದೇ ಆಗಿದ್ದ ದೀಪಾಲಿ ಗುಂಡು ಸುರ್ವಾಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಅಕ್ರಮ ವಜಾ ಸಾಬೀತಾದರೆ ಹಿಂಬಾಕಿ ಸಹಿತ ಮರುನೇಮಕವೇ ಸಾಮಾನ್ಯ ನಿಯಮವೆಂದು ಹೇಳಿತು. ಆದರೆ ವಜಾಗೊಂಡ ನಂತರದ ಅವಧಿಯಲ್ಲಿ ಬೇರೆ ಸಂಪಾದನೆ ಇರಲಿಲ್ಲ, ಅಥವಾ ಮೊದಲಿನಷ್ಟು ಇರಲಿಲ್ಲ ಎಂದು ನೀವು ಸ್ಪಷ್ಟವಾಗಿ ಹೇಳಿರಲೇಬೇಕು.

ಇನ್ನು ಕಡತದ ವಿಷಯ. ವಜಾಕ್ಕೆ ಮುಂಚೆ ಸಾಮಾನ್ಯವಾಗಿ ಒಂದರ ಹಿಂದೆ ಒಂದು ಮೆಮೊ ಬರುತ್ತವೆ: ‘ತರಗತಿ ನಿರ್ವಹಣೆ ತೃಪ್ತಿಕರವಾಗಿಲ್ಲ’, ‘ಪೋಷಕರಿಂದ ದೂರು ಬಂದಿದೆ’. ಯಾವ ತರಗತಿ, ಯಾವ ದಿನ, ಯಾರ ದೂರು ಎಂಬುದು ಅದರಲ್ಲಿ ಇರುವುದೇ ಇಲ್ಲ. ಇಂತಹ ಮೆಮೊಗೆ ಸಹಿ ಹಾಕುವಾಗ ‘ಪ್ರತಿ ತಲುಪಿದೆ, ಆರೋಪ ಒಪ್ಪಿಲ್ಲ’ ಎಂದು ಬರೆದು ದಿನಾಂಕ ಹಾಕಿ, ಒಂದೆರಡು ದಿನಗಳೊಳಗೆ ವಿವರ ಕೇಳಿ ಉತ್ತರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಪಡೆಯಿರಿ. ಉತ್ತರವಿಲ್ಲದ ಮೆಮೊವನ್ನು ಮುಂದೆ ಒಪ್ಪಿಗೆಯೆಂದೇ ವಾದಿಸುತ್ತಾರೆ. ಹಾಗಾಗಿ ಈ ನಾಲ್ಕು ಸಾಲಿನ ಉತ್ತರದ ಬೆಲೆ ನಿಮಗೆ ಆಗ ತಿಳಿಯದಿದ್ದರೂ ಬರೆಯುವುದನ್ನು ಬಿಡಬೇಡಿ. ಶಾಲೆಯವರು ಇಲಾಖೆಗೆ ಸಲ್ಲಿಸಿರುವ ನಿಮ್ಮ ಕುರಿತ ಪತ್ರಗಳ ಪ್ರತಿಗಳನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಬಿಇಒ ಕಚೇರಿಯಿಂದ ಕೇಳಬಹುದು; ಉತ್ತರಕ್ಕೆ 30 ದಿನಗಳ ಮಿತಿ ಇದೆ.

ಸುಳ್ಳು ಆರೋಪವನ್ನು ಹೊರಗಿನವರಿಗೆ ತಿಳಿಸಿದ್ದರೆ ಮಾನಹಾನಿ ದಾವೆ ಹೂಡಲು 1 ವರ್ಷದ ಮಿತಿ ಇದೆ. ಆದರೆ ಸದುದ್ದೇಶದಿಂದ, ಸಂಬಂಧಪಟ್ಟವರಿಗಷ್ಟೇ ಹೇಳಿದೆವು ಎಂಬ ರಕ್ಷಣೆ ಶಾಲೆಗೆ ಇರುವುದರಿಂದ ಇದನ್ನೇ ಮುಖ್ಯ ಅಸ್ತ್ರವೆಂದು ನಂಬುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಅದಕ್ಕಿಂತ, ಮೇಲ್ಮನವಿಯಲ್ಲೇ ಆ ಮೆಮೊಗಳನ್ನು ಒಂದೊಂದಾಗಿ ಹೆಸರಿಸಿ, ವಿಚಾರಣೆಯಲ್ಲಿ ಸಾಬೀತಾಗದ ಅವುಗಳ ಆಧಾರದ ಮೇಲೆ ಹೊರಟ ಆದೇಶ ನಿಲ್ಲುವುದಿಲ್ಲ ಎಂದು ವಾದಿಸುವುದು ಮೇಲು. ಪ್ರಕರಣ ರಾಜಿಯಲ್ಲಿ ಮುಗಿಯುವುದಾದರೆ ಹಣದ ಮೊತ್ತವನ್ನಷ್ಟೇ ಬರೆಸಿಕೊಂಡು ಏಳಬೇಡಿ: ವಜಾ ಆದೇಶ ಮತ್ತು ಮೆಮೊಗಳನ್ನು ಶಾಲೆ ಹಿಂಪಡೆದಿದೆ ಎಂಬ ಸಾಲನ್ನು ಸೇರಿಸಿ, ಕೊಡಬೇಕಾದ ಅನುಭವ ಪ್ರಮಾಣಪತ್ರದ ಪೂರ್ಣ ಪಾಠವನ್ನು ರಾಜಿ ಪತ್ರಕ್ಕೆ ಲಗತ್ತಿಸಿ, ಎರಡೂ ಕಡೆಯವರ ಸಹಿಯೊಂದಿಗೆ ನ್ಯಾಯಮಂಡಳಿಯ ಮುಂದೆ ದಾಖಲಿಸಿರಿ.